ತಮ್ಮನನ್ನು ನೆಂಟನನ್ನಾಗಿ ಮಾಡಿದ ತರಬೇತಿ

ಪುನರ್ವಸತಿ ಸಲಹೆಗಾರರನ್ನು ತಯಾರಿಸುವ ಸ್ನಾತಕೋತ್ತರ ವಿಭಾಗದ ಮುಖ್ಯಸ್ಥರಿಗೆ, ಪತ್ರಿಕೆಯ ಮೂಲಕ

ಮಾನ್ಯರೇ,

ನೀವು ತಪ್ಪು ಮನುಷ್ಯನನ್ನು ಫೇಲು ಮಾಡಿದ್ದೀರಿ. ನಾನು ನಿಮಗೆ ಬರೆದ ಮೊದಲ ಪತ್ರ ಖಾಸಗಿಯಾಗಿತ್ತು. ಒಂದು ಕೈ ಕಳೆದುಕೊಂಡ ನನ್ನ ತಮ್ಮನನ್ನು ನಿಮ್ಮ ವಿಭಾಗ ಅವನ ಹೆಂಡತಿಯ ಮನೆಯಲ್ಲಿ ಕೂರಿಸಿದೆ, ದಯವಿಟ್ಟು ಅವನನ್ನು ಅವನ ಮನೆಗೆ ಬಿಟ್ಟುಕೊಡಿ ಎಂದು ಅದರಲ್ಲಿ ಬೇಡಿದ್ದೆ. ನೀವು ಆ ಪತ್ರವನ್ನು ಓದಿದಿರಿ, ಅದಕ್ಕೆ ನಾನು ಕೃತಜ್ಞಳು. ಓದಿ ಆದ ಮೇಲೆ ನಿಮ್ಮ ವಿದ್ಯಾರ್ಥಿ ಹನೀಫಾನ ಪದವಿಯನ್ನು ತಡೆಹಿಡಿದಿರಿ. ನನ್ನ ತಮ್ಮ ಮಾತ್ರ ಕೂತಲ್ಲೇ ಕೂತಿದ್ದಾನೆ. ನಾನು ಕೇಳಿದ್ದು ಸಿಗಲಿಲ್ಲ, ಕೇಳದೇ ಇದ್ದದ್ದು ಸಿಕ್ಕಿತು. ಖಾಸಗಿ ಪತ್ರದ ಗತಿ ಹೀಗಾದ್ದರಿಂದ ಈ ಸಲ ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ.

ನಿಮ್ಮ ಕಚೇರಿಯಿಂದ ಬಂದ ಉತ್ತರದಲ್ಲಿ ಎರಡು ವಾಕ್ಯಗಳಿದ್ದವು. ಅಭ್ಯರ್ಥಿಯ ಕ್ಷೇತ್ರಕಾರ್ಯ ದೋಷಪೂರ್ಣವೆಂದು ಕಂಡುಬಂದಿರುವುದರಿಂದ ಅವನನ್ನು ಅನುತ್ತೀರ್ಣನೆಂದು ಪರಿಗಣಿಸಲಾಗಿದೆ ಎಂಬುದು ಮೊದಲನೆಯದು. ಫಲಾನುಭವಿಯ ಪುನರ್ವಸತಿಯು ಕ್ರಮಬದ್ಧವಾಗಿರುವುದರಿಂದ ಅದರಲ್ಲಿ ಬದಲಾವಣೆಗೆ ಅವಕಾಶವಿಲ್ಲ ಎಂಬುದು ಎರಡನೆಯದು. ನಾನು ಶಾಲೆಯಲ್ಲಿ ಲೆಕ್ಕ ಕಲಿಸುವವಳು. ಮಗು ತಪ್ಪು ಲೆಕ್ಕ ಮಾಡಿದರೆ ನಾವು ಲೆಕ್ಕಕ್ಕೂ ಗೆರೆ ಹೊಡೆಯುತ್ತೇವೆ, ಮಗುವಿನ ಅಂಕವನ್ನೂ ಕಳೆಯುತ್ತೇವೆ. ಲೆಕ್ಕ ಸರಿ, ಮಾಡಿದ ಮಗು ಮಾತ್ರ ತಪ್ಪು ಎಂದು ಹೇಳುವ ವಿದ್ಯೆ ನಮಗೆ ಇನ್ನೂ ಬಂದಿಲ್ಲ. ಅದಕ್ಕೆ ಬಹುಶಃ ಸ್ನಾತಕೋತ್ತರ ಮಟ್ಟದವರೆಗೆ ಓದಬೇಕಾಗುತ್ತದೆ.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ನಾನು ಮನೋರಮಾ, ಮಿಜಾರಿನ ಒಂದು ಹೈಯರ್ ಎಲಿಮೆಂಟರಿ ಶಾಲೆಯ ಅಧ್ಯಾಪಕಿ. ನಮ್ಮದು ಮೂಡಬಿದ್ರೆಯ ಪಕ್ಕದ ಒಂದು ಸಾಧಾರಣ ಜೈನರ ಮನೆ. ನನ್ನ ತಮ್ಮ ಜೀವಂಧರ ಪೇಟೆಯ ಅಕ್ಕಿ ಮಿಲ್ಲಿನಲ್ಲಿ ಇಂಜಿನು ನೋಡಿಕೊಳ್ಳುತ್ತಿದ್ದ. ಕಳೆದ ವರ್ಷ ತಿರುಗುತ್ತಿದ್ದ ಬೆಲ್ಟಿಗೆ ಅವನ ಬಲಗೈ ಸಿಕ್ಕಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಮೊಣಕೈಯಿಂದ ಕೆಳಗೆ ತೆಗೆದರು. ಜೀವ ಉಳಿಯಿತು. ಆದರೆ ಉಳಿದ ಜೀವವನ್ನು ಎಂತ ಮಾಡುವುದೆಂದು ಅವನಿಗೂ ತಿಳಿಯಲಿಲ್ಲ, ನಮಗೂ ತಿಳಿಯಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದ.

ಆಗ ಬಂದವನು ಹನೀಫಾ. ಬಂಟ್ವಾಳ ಪೇಟೆಯಲ್ಲಿ ಬೆಲ್ಲ, ಒಣಮೆಣಸಿನ ಅಂಗಡಿ ಇಟ್ಟಿರುವ ಹಾಜಬ್ಬನವರ ಮಗ, ಅವರ ಮನೆಯಲ್ಲಿ ಬಿ.ಎ. ಮಾಡಿದ ಮೊದಲನೆಯವನು. ನಿಮ್ಮಲ್ಲಿ ಎರಡನೆಯ ವರ್ಷ ಓದುತ್ತ ಕ್ಷೇತ್ರಕಾರ್ಯಕ್ಕೆಂದು ಆ ಆಸ್ಪತ್ರೆಗೆ ಬಂದಿದ್ದ. ಅವನು ಮಾಡಿದ ಕೆಲಸವನ್ನು ನಾನು ಕಣ್ಣಾರೆ ಕಂಡಿದ್ದೇನೆ. ತನ್ನ ಬಲಗೈಯನ್ನು ಹೆಗಲ ಮೇಲಿನ ಬೈರಾಸಿನಿಂದ ಸೊಂಟಕ್ಕೆ ಬಿಗಿದುಕೊಂಡು, ಎಡಗೈ ಒಂದರಲ್ಲೇ ಪಂಚೆ ಉಡುವುದು ಹೇಗೆಂದು ಮೊದಲು ತಾನು ಕಲಿತ. ಎಷ್ಟೋ ಸಲ ಪಂಚೆ ಜಾರಿ ವಾರ್ಡಿನವರೆಲ್ಲ ನಕ್ಕರು. ಆಸ್ಪತ್ರೆ ಸೇರಿದ ಮೇಲೆ ನನ್ನ ತಮ್ಮ ಮೊದಲ ಬಾರಿಗೆ ನಕ್ಕದ್ದು ಆಗಲೇ. ಆಮೇಲೆ ಅದನ್ನು ಅವನಿಗೆ ಕಲಿಸಿದ. ಎಡಗೈಯಲ್ಲಿ ಗಡ್ಡ ತೆಗೆಯುವುದು, ಬರೆಯುವುದು, ಬಾವಿಯ ಹಗ್ಗವನ್ನು ಮೊಣಕಾಲಿಗೆ ಒತ್ತಿ ಹಿಡಿದು ನೀರು ಸೇದುವುದು, ಎಲ್ಲವನ್ನೂ ಮೊದಲು ತಾನು ಮಾಡಿ ನೋಡಿ ಕಲಿಸಿದ. ನಿಮ್ಮ ಪಠ್ಯದಲ್ಲಿ ಇದು ಯಾವ ಅಧ್ಯಾಯದಲ್ಲಿದೆಯೋ ನಾನರಿಯೆ. ಇದ್ದರೆ ಆ ಅಧ್ಯಾಯ ಬರೆದವರಿಗೆ ನನ್ನ ನಮಸ್ಕಾರ ತಿಳಿಸಿ.

ತಪ್ಪಾದದ್ದು ಆಮೇಲೆ. ಮನುಷ್ಯ ಎದ್ದು ನಿಂತಾಯಿತು, ಇನ್ನು ಅವನನ್ನು ಎಲ್ಲಿ ನೆಲೆಗೊಳಿಸುವುದು ಎಂಬ ಪ್ರಶ್ನೆ ಬಂತು. ಇದಕ್ಕೆ ನೀವು ಅಚ್ಚು ಹಾಕಿಸಿ ಕೊಟ್ಟ ಪ್ರಶ್ನೆಗಳಿದ್ದವು. ಮದುವೆಯಾಗಿದೆಯೇ? ಆಗಿದೆ. ಹೆಂಡತಿ ಮಕ್ಕಳು ಎಲ್ಲಿದ್ದಾರೆ? ವಾಮದಪದವಿನಲ್ಲಿ. ರೋಗಿ ಅವರೊಂದಿಗೆ ವಾಸಿಸುತ್ತಿದ್ದನೇ? ಇಲ್ಲ. ಇಲ್ಲಿಗೆ ನಿಮ್ಮ ಶಾಸ್ತ್ರದ ಪ್ರಕಾರ ರೋಗ ಪತ್ತೆಯಾಯಿತು. ಪಾಪ, ಛಿದ್ರವಾದ ಕುಟುಂಬ. ಅಂಗವಿಕಲನನ್ನು ಅವನ ಕುಟುಂಬದ ನಡುವೆ ನೆಲೆಗೊಳಿಸತಕ್ಕದ್ದು ಎಂದು ನೀವು ಕಲಿಸಿದ್ದೀರಿ. ಹನೀಫಾ ಹಾಗೆಯೇ ಮಾಡಿದ. ವಾಮದಪದವಿನ ನಾಲ್ಕು ರಸ್ತೆ ಸೇರುವಲ್ಲಿ ಬ್ಲಾಕ್ ಆಫೀಸಿನವರ ಕೈಕಾಲು ಹಿಡಿದು ಒಂದು ಗೂಡಂಗಡಿ ಮಂಜೂರು ಮಾಡಿಸಿದ. ಒಂದು ಶುಭದಿನ ನನ್ನ ತಮ್ಮನನ್ನು ಬಸ್ಸು ಹತ್ತಿಸಿ, ಅವನ ಹೆಂಡತಿ ವಿಮಲಾಳ ತಾಯಿಮನೆಯಲ್ಲಿ ಬಿಟ್ಟು ಬಂದ.

ನಿಮಗೆ ಇದರಲ್ಲಿ ಏನು ಅನ್ಯಾಯವಾಯಿತೆಂದು ಇನ್ನೂ ಹೊಳೆದಿರಲಿಕ್ಕಿಲ್ಲ. ನಮ್ಮ ಮನೆಗಳಲ್ಲಿ ಅಳಿಯಸಂತಾನ ನಡೆದುಕೊಂಡು ಬಂದಿದೆ. ಮನೆ ಹೆಣ್ಣಿನ ಸಂತಾನಕ್ಕೆ ಸೇರಿದ್ದು, ಅದರ ಯಜಮಾನಿಕೆ ಅವಳ ಅಣ್ಣತಮ್ಮಂದಿರದು. ಗಂಡಸು ತನ್ನ ತಾಯಿಯ, ಅಕ್ಕತಂಗಿಯರ ಮನೆಯಲ್ಲಿ ಯಜಮಾನ, ಹೆಂಡತಿಯ ಮನೆಯಲ್ಲಿ ನೆಂಟ. ನನ್ನ ಗಂಡ ಬೆಳ್ತಂಗಡಿಯಲ್ಲಿ ಅವರ ಅಕ್ಕನ ಮನೆಯ ಯಜಮಾನರು, ಇಲ್ಲಿಗೆ ಬಂದು ಹೋಗುವವರು. ಹಾಗೆಯೇ ಜೀವಂಧರ ಶನಿವಾರ ಸಂಜೆ ವಾಮದಪದವಿಗೆ ಹೋಗಿ ಸೋಮವಾರ ಬೆಳಿಗ್ಗೆ ಹಿಂದಿರುಗುತ್ತಿದ್ದ. ಉಳಿದ ದಿನಗಳಲ್ಲಿ ನನ್ನ ಮೂವರು ಮಕ್ಕಳಿಗೆ ಅವನೇ ಹಿರಿಯ. ಯಾರು ಯಾವ ಶಾಲೆಗೆ ಹೋಗಬೇಕು, ಬಯಲಿಗೆ ಯಾವ ಬೀಜ ಬೀಳಬೇಕು, ಯಾರ ಮನೆಯ ಹೆಣ್ಣು ಬರಬೇಕು, ಯಾರ ಮನೆಗೆ ಕೊಡಬೇಕು, ಎಲ್ಲದಕ್ಕೂ ಅವನ ಬಾಯಿಯ ಮಾತೇ ಕೊನೆ. ಈ ಉದ್ಯೋಗಕ್ಕೆ ಬಲಗೈ ಬೇಡ, ಸ್ವಾಮಿ. ಬೆಲ್ಟು ಅವನ ಕೈಯನ್ನು ಮಾತ್ರ ಕಿತ್ತುಕೊಂಡಿತ್ತು. ಸೋದರಮಾವನ ಸ್ಥಾನವನ್ನು ಕಿತ್ತುಕೊಂಡದ್ದು ನಿಮ್ಮ ಪುನರ್ವಸತಿ. ಇಷ್ಟೆಲ್ಲ ಜವಾಬ್ದಾರಿ ಇದ್ದವನನ್ನು ನಿಮ್ಮ ವರದಿ ನಿರುದ್ಯೋಗಿ ಎಂದು ಕರೆದಿದೆ.

ಹಾಗಾದರೆ ಅವನೇ ಒಲ್ಲೆ ಎನ್ನಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೈ ಹೋದವನು, ಇನ್ನು ಅಕ್ಕನ ಸಂಬಳದ ಅನ್ನ ಉಣ್ಣಬೇಕಲ್ಲ ಎಂದು ನಾಚಿ ಕುಗ್ಗಿದವನು, ತನಗೆ ಪಂಚೆ ಉಡಲು ಕಲಿಸಿದ ಹುಡುಗನ ಮುಖಕ್ಕೆ ಬೇಡ ಎಂದು ಹೇಗೆ ಹೇಳುತ್ತಾನೆ? ಒಂದು ವರ್ಷ ಇದ್ದು ನೋಡುತ್ತೇನೆ ಎಂದು ಹನೀಫಾನಿಗೆ ಮಾತು ಕೊಟ್ಟ. ಹೆಂಡತಿಯ ಮನೆಯಲ್ಲಿ ಇರಲಾರೆ ಎಂದು ಹೊರಗಿನವರ ಎದುರು ಹೇಳುವುದು ನಮ್ಮಲ್ಲಿ ಮರ್ಯಾದೆಯ ಮಾತೂ ಅಲ್ಲ, ಅದು ಹೆಂಡತಿಯ ಮನೆಯವರನ್ನು ದೂರಿದ ಹಾಗೆ. ನಾನು ಬಾಯಿ ತೆರೆದಾಗ ನೀನು ಸುಮ್ಮನಿರು ಎಂದು ನನ್ನನ್ನೇ ಗದರಿಸಿದ. ಯಜಮಾನನ ಮಾತು, ಸುಮ್ಮನಾದೆ.

ನಿಮ್ಮ ಮೇಲ್ವಿಚಾರಕರೊಬ್ಬರು ಕಾರಿನಲ್ಲಿ ಬಂದು ಗೂಡಂಗಡಿಯನ್ನು ನೋಡಿ ಹೋದರು. ಒಂದು ಸೋಡಾ ಕುಡಿದರು. ನನ್ನ ತಮ್ಮ ಎಡಗೈಯಲ್ಲಿ ಸೋಡಾದ ಗೋಲಿ ಒತ್ತಿದ್ದನ್ನು ಬಹಳ ಮೆಚ್ಚಿಕೊಂಡರಂತೆ. ಹನೀಫಾನ ಬೆನ್ನು ತಟ್ಟಿ, ನಿನ್ನ ಈ ಕೆಲಸವನ್ನು ಮುಂದಿನ ವರ್ಷದ ತರಗತಿಗೆ ಮಾದರಿಯಾಗಿ ಪಾಠ ಮಾಡುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿ ಹೊರಟರಂತೆ. ಈ ಮಹನೀಯರು ಫೇಲಾದ ಸುದ್ದಿ ನನಗೆ ಇನ್ನೂ ಮುಟ್ಟಿಲ್ಲ.

ಈಗ ವಾಮದಪದವಿನ ಕಥೆ ಕೇಳಿ. ವಿಮಲಾಳ ಅಣ್ಣ ಸನತ್‌ಕುಮಾರ ಆ ಮನೆಯ ಯಜಮಾನ, ತುಂಬ ಒಳ್ಳೆಯ ಮನುಷ್ಯ. ಒಳ್ಳೆಯವನಾದ್ದರಿಂದಲೇ ತೊಂದರೆ ಹೆಚ್ಚು. ಬಾವ ಬಂದಿದ್ದಾರೆಂದು ಮೊದಲ ಬಿಸಿನೀರು ಅವನಿಗೆ, ಮೊದಲ ಎಲೆ ಅವನಿಗೆ, ಜಗಲಿಯ ಒಳ್ಳೆಯ ಚಾಪೆ ಅವನಿಗೆ. ಎರಡು ದಿನಕ್ಕೆ ಬಂದವನಿಗೆ ಇದೆಲ್ಲ ಚೆಂದ. ಹೊರಡುವ ದಿನವೇ ಇಲ್ಲದವನಿಗೆ? ಮನೆಯವರು ಕೂತು ಗದ್ದೆಯ ತಕರಾರು ಮಾತಾಡುತ್ತಿರುವಾಗ ಇವನು ಒಳಗೆ ಬಂದರೆ ಮಾತು ನಿಲ್ಲುತ್ತದೆ. ಎಲ್ಲರೂ ಎದ್ದು ನಿಂತು, ಬನ್ನಿ ಬಾವ ಎನ್ನುತ್ತಾರೆ. ಅವನ ಸ್ವಂತ ಮಗ ಶಾಲೆ ತಪ್ಪಿಸಿದ ದಿನ ಇವನು ಕೋಲು ಹುಡುಕುತ್ತಿದ್ದರೆ, ಸನತ್‌ಕುಮಾರ ನಗುತ್ತ, ನಿಮಗೆ ಯಾಕೆ ತೊಂದರೆ, ನಾನು ಉಂಟಲ್ಲ ಎಂದನಂತೆ. ಅದರಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ. ಮಗುವಿನ ಮಾವ ಹೇಳಬೇಕಾದದ್ದನ್ನೇ ಅವನು ಹೇಳಿದ್ದ.

ಗೂಡಂಗಡಿಯ ಅವಸ್ಥೆ ಇನ್ನೂ ಚೆಂದ. ಜೈನರಾದ ನಾವು ಕತ್ತಲಾಗುವ ಮೊದಲು ಉಂಡು ಮುಗಿಸಬೇಕು. ವಾಮದಪದವಿನಂಥ ಊರಿನಲ್ಲಿ ವ್ಯಾಪಾರ ಶುರುವಾಗುವುದೇ ಹೊತ್ತು ಕಂತುವಾಗ, ಗದ್ದೆಯಿಂದ ಬಂದವರು, ಬಂಟ್ವಾಳದ ಬಸ್ಸಿನಿಂದ ಇಳಿದವರು ಬೀಡಿ, ಬೆಂಕಿಪೆಟ್ಟಿಗೆ ಕೇಳುವ ಹೊತ್ತಿಗೆ. ಅಷ್ಟರಲ್ಲಿ ಬಾವನ ಊಟ ತಣಿಯುತ್ತದೆಂದು ಮನೆಯಿಂದ ಆಳು ಬಂದು ನಿಂತಿರುತ್ತಾನೆ. ಬಾವ ರಸ್ತೆಬದಿಯಲ್ಲಿ ಬೀಡಿ ಮಾರುತ್ತ ಕೂತಿದ್ದಾರೆಂದು ಆ ಮನೆಯವರಿಗೆ ತಲೆ ಎತ್ತಲು ಆಗುತ್ತಿರಲಿಲ್ಲ. ಬಾಯಿಬಿಟ್ಟು ಹೇಳುವ ಹಾಗೂ ಇಲ್ಲ. ಅದಕ್ಕೆ ಸನತ್‌ಕುಮಾರ ಒಂದು ಉಪಾಯ ಮಾಡಿದ. ಒಕ್ಕಲಿನವರನ್ನು ಒಬ್ಬೊಬ್ಬರಾಗಿ ಕಳುಹಿಸಿ ಅಂಗಡಿಯಲ್ಲಿದ್ದದ್ದನ್ನೆಲ್ಲ ಮಧ್ಯಾಹ್ನದೊಳಗೆ ಕೊಂಡುಕೊಳ್ಳುವಂತೆ ಮಾಡಿದ, ಸಾಮಾನು ತೀರಿದರೆ ಬಾವ ಮನೆಗೆ ಬಂದು ಮಲಗಬಹುದಲ್ಲ ಎಂದು. ನಿಮ್ಮ ಮೇಲ್ವಿಚಾರಕರು ವ್ಯಾಪಾರ ಅತ್ಯುತ್ತಮ ಎಂದು ಬರೆದದ್ದು ಇದನ್ನೇ. ಆ ಮನೆಯ ಅಟ್ಟದಲ್ಲಿ ಯಾರೂ ಸೇದದ ಬೀಡಿಯ ಕಟ್ಟುಗಳು ಈಗಲೂ ರಾಶಿ ಬಿದ್ದಿವೆ, ಬಂದರೆ ತೋರಿಸುತ್ತೇನೆ.

ಒಂದು ಭಾನುವಾರ ನಾನು ನೋಡಲು ಹೋದೆ. ವಿಮಲಾ ನನ್ನನ್ನು ಅಡುಗೆಮನೆಗೆ ಕರೆದು ಕಣ್ಣೊರೆಸಿಕೊಂಡಳು. ಗಂಡ ಜೊತೆಯಲ್ಲಿರುವುದು ಅವಳಿಗೆ ಬೇಡವೆಂದಲ್ಲ. ಆದರೆ ಮೊದಲೆಲ್ಲ ಶನಿವಾರ ಬಂತೆಂದರೆ ಮಕ್ಕಳು ಬಸ್ಸಿನ ಸದ್ದಿಗೆ ಕಿವಿ ಕೊಟ್ಟು ಕಾಯುತ್ತಿದ್ದರು, ಈಗ ಇವರಿಗಾಗಿ ಯಾರೂ ಕಾಯುವುದಿಲ್ಲ ಮನೋರಮಕ್ಕ, ಅದು ಇವರಿಗೂ ಗೊತ್ತಾಗಿದೆ ಎಂದಳು. ನಾನು ಜಗಲಿಗೆ ಬಂದು ತಮ್ಮನ ಪಕ್ಕ ಕೂತೆ. ಹೇಗಿದ್ದಿ ಎಂದು ಕೇಳಿದೆ. ಅವನು ತುಳುವಿನಲ್ಲಿ ಹೇಳಿದ್ದನ್ನು ನಿಮಗಾಗಿ ಕನ್ನಡದಲ್ಲಿ ಬರೆಯುತ್ತೇನೆ.

“ಇಲ್ಲಿ ನನ್ನನ್ನು ಯಾರೂ ಬೈಯುವುದಿಲ್ಲ ಅಕ್ಕ.”

ನಮ್ಮ ಮನೆಯಲ್ಲಿ ತಾಯಿ ಅವನನ್ನು ದಿನವೂ ಬೈಯುತ್ತಾರೆ. ನಾನು ಬೈಯುತ್ತೇನೆ. ಅವನು ನನ್ನ ಮಕ್ಕಳನ್ನು ಬೈಯುತ್ತಾನೆ. ಬೈಯುವ, ಬೈಸಿಕೊಳ್ಳುವ ಹಕ್ಕು ಹೋದ ಮೇಲೆ ಮನುಷ್ಯ ಬರೀ ನೆಂಟ. ಆ ವಾರವೇ ನಿಮಗೆ ಮೊದಲ ಪತ್ರ ಬರೆದೆ.

ಅದರ ಫಲವಾಗಿ ಹನೀಫಾ ಒಂದು ದಿನ ನಮ್ಮ ಮನೆಯ ಅಂಗಳದಲ್ಲಿ ಬಂದು ನಿಂತ. ಜಗಳವಾಡಲು ಬಂದಿರಬೇಕೆಂದುಕೊಂಡೆ, ನಾನೂ ಸೆರಗು ಸಿಕ್ಕಿಸಿಕೊಂಡೆ. ಅವನು ಬಂದದ್ದು ಕೇಳಲಿಕ್ಕೆ. ತಾನು ಎಲ್ಲಿ ತಪ್ಪಿದೆ ಎಂದು ವಿಭಾಗದಲ್ಲಿ ಯಾರೂ ಹೇಳಲಿಲ್ಲವಂತೆ, ದೋಷಪೂರ್ಣ ಎಂದಷ್ಟೇ ಹೇಳಿದರಂತೆ. ನಾನು ನಿಮಗೆ ಮೇಲೆ ಬರೆದದ್ದನ್ನೆಲ್ಲ ಅವನಿಗೆ ಹೇಳಿದೆ. ಕೇಳುತ್ತ ಕೇಳುತ್ತ ಅವನ ಮುಖ ಬಾಡಿತು.

“ನಮ್ಮಲ್ಲಿ ಗಂಡ ಹೆಂಡತಿಯ ಮನೆಗೇ ಹೋಗುವುದು ಟೀಚರೇ. ನನ್ನ ಬಾಪ ಮುದುಕರಾದ ಮೇಲೂ ನನ್ನ ಉಮ್ಮನ ತಾಯಿಮನೆಯಲ್ಲಿ ಅವರಿಗೆ ಪುದಿಯಾಪ್ಳೆಯ ಮರ್ಯಾದೆ, ಹೊಸ ಮದುಮಗನ ಹಾಗೆ. ಜೀವಂಧರಣ್ಣನಿಗೂ ಅಲ್ಲಿ ಅಂಥಾ ಸುಖ ಸಿಗ್ತದೆ ಅಂತ ನಾನು ಗ್ರಹಿಸಿದೆ. ಒಳ್ಳೇದು ಮಾಡ್ತೇನೆ ಅಂತ ಮಾಡಿದ್ದು.”

ಬಂಟ್ವಾಳದಲ್ಲಿ ಹುಟ್ಟಿದವನಿಗೆ ಜೈನರ ಮನೆಯ ವಿಷಯ ಗೊತ್ತಿಲ್ಲವೇ ಎಂದು ಕೇಳಿದೆ. ಅಂಗಡಿಗೆ ಬಂದವರ ಮನೆಯ ಒಳಗಿನದು ನಮಗೆ ಹೇಗೆ ಗೊತ್ತಾಗಬೇಕು ಎಂದ. ಅವನು ಹೇಳಿದ್ದು ನಿಜವೇ. ನಾವು ಒಬ್ಬರ ಅಂಗಡಿಯಿಂದ ಒಬ್ಬರು ಬೆಲ್ಲ ಕೊಳ್ಳುತ್ತೇವೆ, ಒಂದೇ ಬಸ್ಸಿನಲ್ಲಿ ಕೂರುತ್ತೇವೆ, ಒಂದೇ ನದಿಯ ನೆರೆಗೆ ಒಟ್ಟಿಗೆ ಹೆದರುತ್ತೇವೆ. ಆದರೆ ಯಾರ ಮನೆಯಲ್ಲಿ ಯಾರು ಯಜಮಾನ, ಯಾರು ನೆಂಟ ಎಂದು ಒಬ್ಬರನ್ನೊಬ್ಬರು ಕೇಳುವುದಿಲ್ಲ. ಎಲ್ಲರ ಮನೆಯೂ ನಮ್ಮ ಮನೆಯ ಹಾಗೆಯೇ ಎಂದುಕೊಂಡು ಜೀವನ ಸಾಗಿಸುತ್ತೇವೆ. ವ್ಯಾಪಾರಕ್ಕೆ ಅಷ್ಟು ಸಾಕಾಗುತ್ತದೆ. ಒಬ್ಬ ಮನುಷ್ಯನ ಮುಂದಿನ ಬದುಕನ್ನು ನಿಶ್ಚಯಿಸುವುದಕ್ಕೆ ಸಾಲದು. ಆ ಕೊರತೆಯನ್ನು ತುಂಬುವುದಕ್ಕಲ್ಲವೇ ತರಬೇತಿ ಎಂಬುದು ಇರುವುದು? ಎರಡು ವರ್ಷ ನಿಮ್ಮಲ್ಲಿ ಓದಿದ ಹುಡುಗನಿಗೆ, ನಿಮ್ಮದು ಎಂದು ನೀವು ಹೇಳುವುದು ಯಾವ ಮನೆಯನ್ನು ಎಂದು ರೋಗಿಯನ್ನು ಕೇಳು ಎಂಬ ಒಂದು ಮಾತನ್ನು ಯಾರೂ ಹೇಳಿಕೊಡಲಿಲ್ಲವೇ? ಅವನನ್ನೇ ಕೇಳಿದೆ. ಮದುವೆಯಾಗಿದೆಯೇ ಎಂಬುದಕ್ಕೆ ಹೌದು ಎಂದರೆ ನೇರ ಮುಂದಿನ ಪುಟಕ್ಕೆ ಹೋಗಬೇಕಿತ್ತಂತೆ.

ನಿಮ್ಮ ಪುಸ್ತಕಗಳನ್ನು ಅವನು ನನಗೆ ತೋರಿಸಿದ. ಕಾಗದ ನುಣುಪಾಗಿದೆ, ಚಿತ್ರಗಳು ಚೆನ್ನಾಗಿವೆ. ಒಂದು ಚಿತ್ರದಲ್ಲಿ ಯುದ್ಧದಲ್ಲಿ ಕಾಲು ಕಳೆದುಕೊಂಡ ಬಿಳಿಯ ಸೈನಿಕ ಮೇಜಿನ ತುದಿಯಲ್ಲಿ ಕೂತಿದ್ದಾನೆ, ಹೆಂಡತಿ ಸೂಪು ಬಡಿಸುತ್ತಿದ್ದಾಳೆ, ಮಕ್ಕಳು ನಗುತ್ತಿದ್ದಾರೆ. ಅವನು ಸುಖವಾಗಿರಲಿ. ಆ ದೇಶದಲ್ಲಿ ಅದೇ ಸರಿ ಇರಬಹುದು. ಆದರೆ ಆ ಮೇಜನ್ನು ಹೊತ್ತು ತಂದು ವಾಮದಪದವಿನ ಜಗಲಿಯಲ್ಲಿ ಹಾಕಲು ಹೋದರೆ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ. ನೀವು ಕಲಿಸುವ ವಿದ್ಯೆ ದೊಡ್ಡದು ಎಂಬುದರಲ್ಲಿ ನನಗೆ ಸಂಶಯವಿಲ್ಲ, ಅದು ಇಲ್ಲದಿದ್ದರೆ ನನ್ನ ತಮ್ಮ ಇವತ್ತಿಗೂ ಗೋಡೆ ನೋಡುತ್ತ ಮಲಗಿರುತ್ತಿದ್ದ. ಇಂಥ ಹತ್ತಾರು ಹನೀಫಾರು ನಮ್ಮ ತಾಲೂಕುಗಳಿಗೆ ಬೇಕು. ಮರದಿಂದ ಬಿದ್ದವರು, ಮಿಲ್ಲಿಗೆ ಸಿಕ್ಕವರು, ರೋಗದಿಂದ ಬೆರಳು ಹೋದವರು ಪ್ರತಿ ಊರಲ್ಲೂ ಇದ್ದಾರೆ. ಅದಕ್ಕೇ ನನಗೆ ಸಿಟ್ಟು. ಬೇಡದ ವಸ್ತು ಕೆಟ್ಟರೆ ಯಾರು ಪತ್ರ ಬರೆಯುತ್ತಾರೆ?

ನಿಮ್ಮ ಪರವಾಗಿ ವಾದಿಸುವವರು ನಮ್ಮಲ್ಲೂ ಇದ್ದಾರೆ. ಅಳಿಯಸಂತಾನ ಇನ್ನೆಷ್ಟು ದಿನ, ಕಾನೂನೇ ಬದಲಾಗಿದೆ, ಗಂಡಸು ತನ್ನ ಹೆಂಡತಿ ಮಕ್ಕಳ ಜೊತೆ ಇರುವುದು ಸರಿಯಲ್ಲವೇ ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಇರಬಹುದು. ನಾನು ಹಳೆಯ ಪದ್ಧತಿಯ ವಕೀಲಳಲ್ಲ. ನನ್ನ ಗಂಡ ವಾರಕ್ಕೊಮ್ಮೆ ಬಂದು ಹೋಗುವಾಗ ನನಗೆ ಏನೆನಿಸುತ್ತದೆಂದು ನಾನು ಪತ್ರಿಕೆಯಲ್ಲಿ ಬರೆಯಲಾರೆ. ನಾಳೆ ನನ್ನ ಮಗಳು ತನ್ನ ಗಂಡನ ಜೊತೆ ಬೇರೆ ಮನೆ ಮಾಡಿದರೆ ನಾನೇ ಹೋಗಿ ಹಾಲು ಉಕ್ಕಿಸಿ ಬರುತ್ತೇನೆ. ಆದರೆ ಸಮಾಜ ಸುಧಾರಣೆಯನ್ನು ಎರಡೂ ಕೈ ಇರುವವರಿಂದ ಆರಂಭಿಸಿ, ಸ್ವಾಮಿ. ಕೈ ಕಳೆದುಕೊಂಡವನ ಕಾಲಡಿಯ ನೆಲವನ್ನೂ ಎಳೆದು ಪ್ರಯೋಗ ಮಾಡಬೇಡಿ.

ಹನೀಫಾ ಆ ದಿನ ನಮ್ಮಲ್ಲಿ ಮಧ್ಯಾಹ್ನದ ಊಟ ಮಾಡಿದ. ಆಮೇಲೆ ವಾರಗಟ್ಟಲೆ ತನ್ನ ಸ್ವಂತ ಖುಷಿಯಿಂದ ಬಂಟ್ವಾಳಕ್ಕೂ ವಾಮದಪದವಿಗೂ ಮೂಡಬಿದ್ರೆಗೂ ಬಸ್ಸಿನಲ್ಲಿ ಓಡಾಡಿದ. ಫೇಲಾದವನು ಯಾಕೆ ಅಲೆಯುತ್ತಾನೆ, ಅಂಗಡಿಯಲ್ಲಿ ಕೂರಬಾರದೇ ಎಂದು ಹಾಜಬ್ಬನವರು ಸಿಡುಕಿದರಂತೆ. ಅವನು ಸನತ್‌ಕುಮಾರನ ಜೊತೆ ಮಾತಾಡಿದ, ನಮ್ಮ ತಾಯಿಯ ಜೊತೆ ಮಾತಾಡಿದ, ಮಿಲ್ಲಿನ ಧಣಿಗಳ ಜೊತೆ ಮಾತಾಡಿದ. ಭತ್ತ ತೂಗುವಲ್ಲಿ ನಿಂತು, ಕಾಳು ಒಣಗಿದೆಯೋ ಇಲ್ಲವೋ ನೋಡಿ ಹೇಳುವ ಕೆಲಸಕ್ಕೆ ಜೀವಂಧರನನ್ನು ತೆಗೆದುಕೊಳ್ಳಲು ಧಣಿಗಳು ಒಪ್ಪಿದರು. ತಮ್ಮ ನಮ್ಮ ಮನೆಗೆ ಬರುವುದು, ಮಿಲ್ಲಿಗೆ ಹೋಗುವುದು, ಶನಿವಾರ ವಾಮದಪದವಿಗೆ ಹೋಗುವುದು ಎಂದು ಹೊಸ ಯೋಜನೆ ಬರೆದು ಹನೀಫಾ ನಿಮಗೆ ಕಳುಹಿಸಿದ. ಅನುತ್ತೀರ್ಣ ಅಭ್ಯರ್ಥಿಯ ಯೋಜನೆಗಳನ್ನು ಸ್ವೀಕರಿಸಲಾಗುವುದಿಲ್ಲ ಎಂಬ ಉತ್ತರದೊಂದಿಗೆ ನೀವು ಅದನ್ನು ಹಿಂದಕ್ಕೆ ಕಳುಹಿಸಿದಿರಿ. ಜೊತೆಗೆ ದಯೆಯಿಂದ ಒಂದು ದಾರಿಯನ್ನೂ ತೋರಿಸಿದಿರಿ. ಫಲಾನುಭವಿಯು ಮೊದಲು ಯೋಜಿಸಿದ ಸ್ಥಳದಲ್ಲೇ ಒಂದು ವರ್ಷ ಪೂರ್ತಿ ನೆಲೆಸಿದನೆಂದು ರುಜುವಾತಾದರೆ ಅಭ್ಯರ್ಥಿಯ ಫಲಿತಾಂಶವನ್ನು ಪುನಃ ಪರಿಶೀಲಿಸಬಹುದು, ನಡುವೆ ಅವನು ಸ್ಥಳ ಬಿಟ್ಟರೆ ಪರಿಶೀಲನೆ ಇಲ್ಲ.

ಈ ವಾಕ್ಯ ಬರೆದ ಮಹಾನುಭಾವರು ಯಾರೋ, ಅವರಿಗೆ ತಾವು ಏನು ಮಾಡಿದೆವೆಂದು ಗೊತ್ತಿದೆಯೇ? ಹನೀಫಾ ಆ ಉತ್ತರವನ್ನು ಬಚ್ಚಿಡಬಹುದಿತ್ತು, ಬಚ್ಚಿಡಲಿಲ್ಲ. ವಾಮದಪದವಿಗೆ ಹೋಗಿ ಜೀವಂಧರನ ಎದುರಿಗೇ ಓದಿ ಹೇಳಿ, ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ, ನೀವು ನಾಳೆಯೇ ಮನೆಗೆ ಹೋಗಿ ಎಂದ. ಮರುದಿನ ನಾನು ಶಾಲೆಗೆ ರಜೆ ಹಾಕಿ ತಮ್ಮನನ್ನು ಕರೆತರಲು ಹೋದೆ. ವಿಮಲಾ ಅವನ ಬಟ್ಟೆ ಮಡಚಿ ಇಟ್ಟಿದ್ದಳು. ಸನತ್‌ಕುಮಾರ ಬಸ್ಸನ್ನು ತಡೆದು ನಿಲ್ಲಿಸಲು ರಸ್ತೆಗೆ ಹೋಗಿದ್ದ. ತಮ್ಮ ಮಾತ್ರ ಚಾಪೆಯಿಂದ ಏಳಲಿಲ್ಲ.

“ನಾನು ಬಸ್ಸು ಹತ್ತಿದರೆ ಆ ಹುಡುಗನ ಪದವಿ ಹೋಯಿತಲ್ಲ ಅಕ್ಕ” ಎಂದ. “ನನ್ನ ಕೈ ಹೋದಾಗ ಅವ ತನ್ನ ಕೈಯನ್ನು ಕಟ್ಟಿಕೊಂಡು ಕೂತಿದ್ದ. ನಾನು ಇಲ್ಲಿ ಕೂತರೆ ಎಂತ ಆಗ್ತದೆ?”

ನಾನು ಅತ್ತೆ, ಬೈದೆ, ಯಜಮಾನಿಕೆಯ ಮಾತೆತ್ತಿ ಚುಚ್ಚಿದೆ. ಹನೀಫಾ ಬಂದು ಅವನ ಕಾಲ ಬಳಿ ಕೂತು ಬೇಡಿಕೊಂಡ. ಅಲುಗಲಿಲ್ಲ. ಹೀಗೆ, ಮಾನ್ಯರೇ, ತನಗೆ ಯಾರೂ ಬೈಯದ ಮನೆಯಲ್ಲಿ, ತನಗೆ ಬೇಡದ ಗೂಡಂಗಡಿಯಲ್ಲಿ, ಯಾರೂ ಸೇದದ ಬೀಡಿಯನ್ನು ಮಾರುತ್ತ ನನ್ನ ತಮ್ಮ ನಿಮ್ಮ ವಿದ್ಯಾರ್ಥಿಯ ಅಂಕಗಳಿಗಾಗಿ ಕೂತಿದ್ದಾನೆ. ನೀವು ಅದನ್ನು ಯಶಸ್ವೀ ನೆಲೆಸುವಿಕೆ ಎಂದು ದಾಖಲಿಸುತ್ತಿದ್ದೀರಿ. ಹನೀಫಾ ನಾಚಿಕೆಯಿಂದ ಈಗ ನಮ್ಮ ಕಡೆ ಮುಖ ಹಾಕುವುದಿಲ್ಲ, ಬಂಟ್ವಾಳದಲ್ಲಿ ಬೆಲ್ಲ ತೂಗುತ್ತಿದ್ದಾನೆ.

ನನ್ನ ಬೇಡಿಕೆಯನ್ನು ಈಗ ಸ್ಪಷ್ಟವಾಗಿ ಹೇಳುತ್ತೇನೆ, ಏಕೆಂದರೆ ಹೋದ ಸಲ ಸ್ಪಷ್ಟವಾಗಿ ಹೇಳಿಯೂ ನೀವು ಬೇರೆಯದನ್ನೇ ಮಾಡಿದಿರಿ. ಹನೀಫಾನ ಎರಡನೆಯ ಯೋಜನೆಯನ್ನು ತರಿಸಿಕೊಂಡು ಓದಿ. ಕನಿಕರದಿಂದ ಅವನನ್ನು ಪಾಸು ಮಾಡಿ ಎಂದು ನಾನು ಕೇಳುವುದಿಲ್ಲ, ಪರೀಕ್ಷೆ ಮಾಡಿ. ಆದರೆ ಆ ಪರೀಕ್ಷೆ ನಿಮ್ಮ ಊರಿನಲ್ಲಿ ಬೇಡ, ಇಲ್ಲಿ ಆಗಲಿ. ನೀವೇ ಬನ್ನಿ, ಆ ಸೋಡಾ ಕುಡಿದ ಮೇಲ್ವಿಚಾರಕರೂ ಬರಲಿ, ಸಂಜೆಯೊಳಗೆ ಹಿಂದಿರುಗುವ ಆತುರ ಇಟ್ಟುಕೊಳ್ಳಬೇಡಿ. ನಿಮ್ಮ ವಿದ್ಯಾರ್ಥಿಗಳನ್ನು ಇನ್ನು ಮುಂದೆ ಇಲ್ಲಿಗೆ ಕಳುಹಿಸುವಾಗ ಮೊದಲ ಕೆಲವು ವಾರ ಆ ಅಚ್ಚಾದ ಪ್ರಶ್ನೆಗಳನ್ನು ಕೊಡದೆ ಕಳುಹಿಸಿ, ಮನೆಗಳ ಜಗಲಿಯಲ್ಲಿ ಕೂತು ಯಾರು ಯಾರನ್ನು ಬೈಯುತ್ತಾರೆಂದು ಕೇಳಿಸಿಕೊಂಡು ಬರಲಿ. ಇದೆಲ್ಲ ನಿಧಾನಕ್ಕೆ ಆಗುವ ಕೆಲಸವೆಂದು ನನಗೂ ತಿಳಿದಿದೆ. ನಿಧಾನಿಸಲು ಆಗದ್ದು ಒಂದೇ. ಸ್ಥಳ ಬಿಟ್ಟರೆ ಪರಿಶೀಲನೆ ಇಲ್ಲ ಎಂಬ ಆ ವಾಕ್ಯವನ್ನು ಹೊಡೆದು ಹಾಕಿ, ಹೊಡೆದು ಹಾಕಿದ್ದೇವೆಂದು ನನ್ನ ತಮ್ಮನಿಗೆ ನೇರವಾಗಿ ಬರೆಯಿರಿ. ನನ್ನ ಮಾತನ್ನು ಅವನು ನಂಬುವುದಿಲ್ಲ, ಸರಕಾರದ ಮೊಹರನ್ನು ನಂಬುತ್ತಾನೆ.

ಅವಸರ ಯಾಕೆಂದರೆ, ಬರುವ ವೈಶಾಖದಲ್ಲಿ ನನ್ನ ಮಗಳು ಕಮಲಾವತಿಯ ಮದುವೆ. ನಿಮ್ಮ ಒಂದು ವರ್ಷ ಮುಗಿಯುವುದು ಆಮೇಲೆ. ನಮ್ಮ ಮನೆಯಲ್ಲಿ ಹುಡುಗಿಯನ್ನು ಧಾರೆ ಎರೆದು ಕೊಡುವವನು ಅವಳ ಸೋದರಮಾವ, ಕರೆಯೋಲೆ ಅಚ್ಚಾಗುವುದೂ ಅವನ ಹೆಸರಿನಲ್ಲೇ. ಎಡಗೈ ಒಂದರಲ್ಲಿ ಧಾರೆ ಎರೆಯಬಹುದೇ ಎಂದು ನಮ್ಮ ಪುರೋಹಿತರನ್ನು ಕೇಳಿದೆ, ಕೈ ಯಾವುದಾದರೂ ಆದೀತು, ಮಾವ ಆ ಮನೆಯವನಾಗಿರಬೇಕು ಎಂದರು. ಮೊನ್ನೆ ಪ್ರೆಸ್ಸಿನವರು ಕರೆಯೋಲೆಯಲ್ಲಿ ಯಾರ ಹೆಸರು ಹಾಕುವುದೆಂದು ಕೇಳಿದರು. ನಾನು ವಾಮದಪದವಿಗೆ ಹೋಗಿ ತಮ್ಮನನ್ನು ಕೇಳಿದೆ. ಅವನು ಗೂಡಂಗಡಿಯ ಡಬ್ಬಗಳನ್ನು ಸರಿಸುತ್ತ, ನನ್ನ ಮುಖ ನೋಡದೆ ಹೇಳಿದ.

“ನಿನ್ನ ಹೆಸರು ಹಾಕಿಸು ಅಕ್ಕ. ಇಲ್ಲಿ ಇರುವವ ಅಲ್ಲಿ ಯಜಮಾನ ಅಂತ ಅಚ್ಚು ಹಾಕಿದರೆ ಹನೀಫಾನಿಗೆ ತೊಂದರೆ. ನನಗೂ ಒಂದು ಕರೆಯೋಲೆ ಕಳಿಸು, ಬೆಳಿಗ್ಗೆಯ ಬಸ್ಸಿಗೆ ಬಂದು ಊಟ ಮಾಡಿ ಹೋಗ್ತೇನೆ.”

ಕರೆಯೋಲೆ ಇನ್ನೂ ಅಚ್ಚಿಗೆ ಹೋಗಿಲ್ಲ. ನಿಮ್ಮ ಉತ್ತರಕ್ಕಾಗಿ ತಡೆದಿದ್ದೇನೆ.

ಇಂತಿ,
ಒಡಹುಟ್ಟಿದವನನ್ನು ಅವನದೇ ಮನೆಯ ಮದುವೆಗೆ ಹೋಗಿ ಕರೆಯಬೇಕಾಗಿ ಬಂದಿರುವ ಅಕ್ಕ,
ಮನೋರಮಾ
ಮೂಡಬಿದ್ರೆ, 1967